ಬೇರೆ ಬಾಗಿಲು

ಉದ್ದಕ್ಕೆ ಸೀಳಿದ ಡ್ರಮ್ಮು, ಎರಡು ಕೀಲು,
ಯಾರೋ ಎಸೆದ ಸೈಕಲ್ಲಿನ ಹ್ಯಾಂಡಲ್ಲೇ ಹಿಡಿಕೆ,
ಬಲ ತುದಿಗೆ ಮೊಣಕೈ ಪೈಪಿನ ಚಿಮಣಿ.
ಜುಬೈಲಿನ ನಮ್ಮ ಹಿತ್ತಿಲಲ್ಲಿ
ನಾಲ್ಕು ಇಟ್ಟಿಗೆಯ ಮೇಲೆ ಕೂತಿದೆ ಇನ್ನೂ.
ಹಿತ್ತಿಲು ಅಂದರೆ ಬಸಳೆ ಚಪ್ಪರ ಅಂದುಕೊಳ್ಳಬೇಡಿ:
ಹದಿನಾಲ್ಕು ಹೆಜ್ಜೆ ಸಿಮೆಂಟು, ಒಂದು ಗೋಡೆ,
ಆಚೆ ಮರಳು, ಮರಳಿನಾಚೆ
ರಾತ್ರಿಯಿಡೀ ಆರದ ಕಾರ್ಖಾನೆಯ ಜ್ವಾಲೆ.

ಬೆಸುಗೆ ಗುರುಪಾದಪ್ಪನದು. ಗಜೇಂದ್ರಗಡದ ಕಡೆಯವ.
ಇರುವೆ ಸಾಲಿನಂತೆ ಹೋಗಿದೆ ನೋಡಿ,
ಒಂದೂ ದಾರಿ ತಪ್ಪಿಲ್ಲ.
ಅನಿಲದ ಪೈಪಿಗೆ ಹಾಕುವ ಬೆಸುಗೆಯನ್ನು
ಕುರಿಯ ಮುಂದೊಡೆಗಾಗಿ ಹಾಕಿಕೊಟ್ಟ,
ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನು.

ಬೇಕೆಂದು ಹಟ ಹಿಡಿದದ್ದು ಡ್ವೇನ್,
ಲೂಯಿಸಿಯಾನಾದವ, ನಮ್ಮ ಕ್ರೇನುಗಳ ಮೇಸ್ತ್ರಿ.
'ನಾನು ದಕ್ಷಿಣದವನು' ಎಂದ ಎದೆ ತಟ್ಟಿ.
ಗಂಗೊಳ್ಳಿಯ ನಾನೂ ತಟ್ಟಿಕೊಂಡೆ.
ಎರಡು ದಕ್ಷಿಣಗಳು ಕೈ ಕುಲುಕಿದವು.

ಅವನಜ್ಜಿ ಬೆಂಡೆಕಾಯಿ ಸಾರಿಗೆ ಸೀಗಡಿ ಹಾಕುತ್ತಿದ್ದಳಂತೆ.
ನಮ್ಮಲ್ಲಿ ಹರಿವೆ ದಂಟಿಗೆ, ಎಂದೆ.
ಕಬ್ಬಿಣದ ಬಾಣಲೆಯಲ್ಲಿ
ಮೆಕ್ಕೆಜೋಳದ ರೊಟ್ಟಿ ಸುಡುತ್ತಿದ್ದಳಂತೆ.
ಮೂಲೆಯಲ್ಲಿ ಗುರುಪಾದಪ್ಪನ ಕಿವಿ ನಿಮಿರಿತು:
'ಏನಂದಾ? ಜ್ವಾಳ ಅಂದ್ನಾ?'
ಮೆಕ್ಕೆಜೋಳ ಮಾರಾಯ, ಬೇರೆ.
'ಅದೂ ಜ್ವಾಳನ ಬಿಡ್ರಿ.'

ಗುರುವಾರ ರಾತ್ರಿ ಒಂಬತ್ತಕ್ಕೆ ಬೆಂಕಿ.
ಉಪ್ಪು, ಕಾಳುಮೆಣಸು, ಕಾಫಿಪುಡಿ ಅವನ ಲೆಕ್ಕ;
ಬ್ಯಾಡಗಿ, ಹುಣಸೆ, ಬೆಳ್ಳುಳ್ಳಿ ನನ್ನದು.
ಕಂದು ಸಕ್ಕರೆ ಇರಲಿಲ್ಲ,
ಅಮ್ಮ ಕಟ್ಟಿಕೊಟ್ಟ ಓಲೆಬೆಲ್ಲ ಕುಟ್ಟಿ ಸವರಿದೆ.
ಬಿಳಿ ಹೊಗೆ ಕಹಿ, ಎಂದ ಡ್ವೇನ್,
ನೀಲಿ ಬರುವ ತನಕ ಕಾಯಬೇಕು.
ಆಮೇಲೂ ಕಾಯಬೇಕು.
ಮುಚ್ಚಳ ಎತ್ತಿದರೆ ಒಂದು ಗಂಟೆ ದಂಡ.

ಕಾದೆವು. ಡಿಸೆಂಬರಿನ ಚಳಿ,
ಕೈಗವಸು, ಕಟ್ಟಾ ಚಹಾ.
ಪಕ್ಕದ ಮನೆಯ ಫಿಲಿಪ್ಪೀನಿ ರೋಡೆಲ್
ಗೋಡೆಯ ಮೇಲಿಂದ ತಲೆ ಹಾಕಿ
'ಆಯ್ತಾ?' ಅಂದ. ಮತ್ತೆ ಅಂದ.
ಮೂರನೇ ಸಲ ಕುರ್ಚಿಯನ್ನೇ ಹೊತ್ತು ತಂದ.

ಎರಡು ಗಂಟೆಗೆ ಕೀಲಿನ ಕಿರ್‍ ಸದ್ದು.
ಡ್ವೇನ್ ನಿದ್ದೆಯಿಂದ ಹಾರಿಬಿದ್ದ.
ಮುಚ್ಚಳ ಮುಚ್ಚಿಯೇ ಇತ್ತು.
ಎಡಗಡೆ, ಕಟ್ಟಿಗೆ ಒಟ್ಟುವ ಗೂಡಿಗೆ
ಅಂಗೈಯಗಲದ ಒಂದು ಬಾಗಿಲು;
ಬೂದಿ ತೆಗೆಯಲಿಕ್ಕೆ ಅಂದುಕೊಂಡಿದ್ದೆವು ನಾವು.
ಅದರ ಮುಂದೆ ಕುಕ್ಕರಗಾಲಲ್ಲಿ ಗುರುಪಾದಪ್ಪ,
ಕೆಂಡದ ಅಂಚಿಗೆ ನಾಲ್ಕು ಬದನೆಕಾಯಿ.

ನೋಡಿದೆವು. ಅವನೂ ನೋಡಿದ.
'ಹೊಗಿ ನನ್ನ ಕಡಿಂದ ನಿಮ್ಮ ಕಡೆ ಹೊಕ್ಕೈತ್ರಿ.
ನಿಮ್ಮ ಕಡಿಂದ ನನ್ನ ಕಡೆ ಬರಂಗಿಲ್ಲ.
ಚಿಮಣಿ ಸುಮ್ನ ಆ ತುದಿಗೆ ಹಚ್ಚೀನೇನು?'

ಡ್ವೇನ್‌ಗೆ ಇದನ್ನು ತರ್ಜುಮೆ ಮಾಡಲು
ನನಗೆ ಅರ್ಧ ಗಂಟೆ ಹಿಡಿಯಿತು,
ನಡುನಡುವೆ ಜಾತಿ ಬಂತು, ಅಜ್ಜಿ ಬಂದಳು,
ಗಾಳಿ ಬೀಸುವ ದಿಕ್ಕೂ ಬಂತು.
ಅವನು ತುಂಬ ಹೊತ್ತು ನಗಲಿಲ್ಲ.
ನಮ್ಮೂರಲ್ಲೂ ಬೇರೆ ಬಾಗಿಲುಗಳಿದ್ದವು, ಅಂದ.
ನಮ್ಮ ತಾತ ಹಿಂಬದಿಯದರಿಂದ ಹೋಗುತ್ತಿದ್ದ.
ಆಮೇಲೆ ಕಟ್ಟಿಗೆ ದೂಡಿದ, ಅಷ್ಟೇ.

ಬೆಳಿಗ್ಗೆ ಏಳಕ್ಕೆ ಮಾಂಸ ಎಲುಬು ಬಿಟ್ಟುಕೊಟ್ಟಿತು.
ಯಾರೂ ಮಾತಾಡಲಿಲ್ಲ, ರೋಡೆಲ್ ಕೂಡ.
ಗುರುಪಾದಪ್ಪ ದೂರದಲ್ಲಿ
ಬದನೆಯ ಕರಿ ಸಿಪ್ಪೆ ಸುಲಿದು, ಹಸಿ ಉಳ್ಳಾಗಡ್ಡಿ ಹಿಚುಕಿ,
ಊರಿಂದ ತಂದ ಕಟಿರೊಟ್ಟಿ ಮುರಿದ.
ಡ್ವೇನ್ ತಟ್ಟೆ ಕೆಳಗಿಟ್ಟ,
ಎರಡು ಸಲ ಸೋಪು ಹಾಕಿ ಕೈ ತೊಳೆದ,
ಹೋಗಿ ಅವನ ಎದುರು ಕೂತ.

ಈಗ ಡ್ವೇನ್ ಕತಾರಿನಲ್ಲಿ, ಗುರುಪಾದಪ್ಪ ಯಾನ್ಬುವಿನಲ್ಲಿ.
ಬೆಸುಗೆ ಬಿಟ್ಟಿಲ್ಲ.
ನಾನು ಬೆಂಕಿ ಹಾಕಿದಾಗೆಲ್ಲ
ಚಿಕ್ಕ ಬಾಗಿಲಲ್ಲೂ ಒಂದು ಬದನೆ ಇಡುತ್ತೇನೆ.
ಕೆಲವು ಸಲ ತೆಗೆಯಲು ಮರೆತು
ಅದು ಬೂದಿಯೇ ಆಗಿಬಿಡುತ್ತದೆ.